ಹಿತ್ತಲ ಮೂಲೆಯ ಜಗಲಿ

ಅತ್ತೆ ತೇಗದ ಹಲಗೆಯನ್ನೂ ಬೇಡವೆಂದಾಗ ಅಳಿಯನಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಒಂದೂವರೆ ತಿಂಗಳಿನಿಂದ ಇದೇ ಗೋಳು. ಹಿತ್ತಲಲ್ಲಿ ಕೂರಲು ಮರದ ಜಗಲಿ ಬೇಕು, ಅದೂ ಹಿಂಗೋಡೆಯ ಮೂಲೆಯಲ್ಲೇ ಬೇಕು ಎಂದು ಅವರ ಹಟ. ಅಡುಗೆಮನೆ ಬಾಗಿಲ ಪಕ್ಕದಲ್ಲೇ ಒಳ್ಳೆಯ ನೆರಳಿದೆ, ಮಂಡಿನೋವಿನವರಿಗೆ ನಾಲ್ಕೇ ಹೆಜ್ಜೆ ಎಂದು ಅವನು ಬಿಡಿಸಿ ಬಿಡಿಸಿ ಹೇಳಿದ್ದ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಮೂಲೆಯೇ ಆಗಲಿ, ಆದರೆ ಕಲ್ಲು ಚಪ್ಪಡಿ ಹಾಸೋಣ, ಕಂಬಕ್ಕೆ ಗುಂಡಿ ತೋಡುವ ರಗಳೆಯೇ ಇಲ್ಲ ಎಂದ. ಬಿಸಿಲಿಗೆ ಅಂಗಾಲು ಸುಡುತ್ತದೆ ಎಂದರು. ಬಡಗಿ ಬಿದಿರು ತಂದ. ಕಿರುಗುಟ್ಟುತ್ತದೆ ಎಂದರು. ಪ್ಲಾಸ್ಟಿಕ್ ಬೆರೆಸಿದ ಹಲಗೆ ಮುಟ್ಟಿದರೆ ಬಚ್ಚಲ ಬಕೆಟ್ಟು ನೆನಪಾಗುತ್ತದಂತೆ. ಈಗ ತೇಗ, ಒದ್ದೆಯಾದರೆ ಜಾರುತ್ತದಂತೆ. ಒಂದೊಂದನ್ನೂ ತಳ್ಳಿಹಾಕಿದ ಮೇಲೆ ಅಳಿಯನ ಕಡೆ ತಿರುಗಿ ತಪ್ಪದೆ ಕೇಳುತ್ತಿದ್ದರು:

"ನೀವೇನಂತೀರಿ? ಹೇಳೋದೇನಾದ್ರೂ ಇದ್ರೆ ಹೇಳಿ."

"ನಿಮ್ಮಿಷ್ಟ ಅತ್ತೆ."

ಬಡಗಿ ತೇಗದ ತುಂಡನ್ನು ಚೀಲಕ್ಕೆ ತುರುಕುತ್ತ, ಮಗಳಿಗೆ ಗಂಡು ನೋಡುವಾಗಲೂ ಇವರು ಹೀಗೇನಾ ಎಂದು ಪಿಸುಗುಟ್ಟಿದ. ಅಳಿಯನಿಗೆ ನಗು ಬರಲಿಲ್ಲ. ಕೆಲಸ ಆಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಬೇಡವೆಂದಾಗ ಸಿಟ್ಟು, ಎಲ್ಲಿ ಹೂಂ ಎಂದುಬಿಡುತ್ತಾರೋ ಎಂಬ ಪುಕಪುಕ. ಆ ಮೂಲೆಯ ಮಣ್ಣಿನಡಿ ಏನಿದೆ ಎಂಬುದನ್ನು ಅವನು ಹೆಂಡತಿಗೂ ಬಾಯಿಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಸದ್ದಾಯಿತು. ಅವನು ಹಲ್ಲುಜ್ಜುತ್ತಲೇ ಓಡಿಬಂದ. ಬಡಗಿ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ದಾರ ಕಟ್ಟಿದ್ದ. ಕೈಯಲ್ಲಿ ಹಾರೆ. ಯಾವ ಮರವಾದರೂ ಸರಿ, ಮೊದಲು ಗುಂಡಿ ತೋಡು ಎಂದು ಅತ್ತೆಯೇ ಹೇಳಿಕಳಿಸಿದ್ದರಂತೆ. ಅತ್ತೆ ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು.

ಹಾರೆ ಮೇಲೆದ್ದಿತು.

"ನಿಲ್ಸಪ್ಪ," ಎಂದ ಅಳಿಯ. ಬಾಯೊಳಗಿನ ನೊರೆ ನುಂಗಿ ಅತ್ತೆಯ ಕಾಲ ಬಳಿ ಕುಕ್ಕರಿಸಿದ. "ಅತ್ತೆ, ಕರಿಯ ಓಡಿಹೋಗ್ಲಿಲ್ಲ. ಇಲ್ಲೇ ಇದಾನೆ."

ಆಮೇಲೆ ಕಟ್ಟೆಯೊಡೆದಂತೆ ಎಲ್ಲವೂ ಹೊರಬಂತು. ಹೋದ ವರ್ಷ ಅತ್ತೆ ಮಂಡಿಯ ಆಪರೇಷನ್ನಿಗೆ ಸೇರಿದ್ದ ವಾರ. ಆಸ್ಪತ್ರೆಗೆ ಊಟ ಒಯ್ಯುವ ಅವಸರದಲ್ಲಿ ಅವನು ಹಿಂದೆ ನೋಡದೆ ಕಾರು ತೆಗೆದಿದ್ದ. ಚಕ್ರದಡಿ ಸಿಕ್ಕಿದ್ದು ಕರಿಯ, ಹನ್ನೊಂದು ವರ್ಷ ಅತ್ತೆಯ ಮಂಚದ ಕೆಳಗೆ ಮಲಗಿದ ನಾಯಿ. ನೋವಿನಲ್ಲಿರುವವರಿಗೆ ಹೇಳುವುದು ಹೇಗೆಂದು, ಗೇಟು ದಾಟಿ ಹೋಯಿತು ಎಂದಿದ್ದ.

ಅತ್ತೆ ಸೆರಗಿನಿಂದ ಅವನ ಗಲ್ಲದ ಮೇಲಿನ ನೊರೆ ಒರೆಸಿದರು. ದಾರ ಬಿಚ್ಚಿಕೊಂಡು ಹೊರಡು ಎಂದು ಬಡಗಿಗೆ ಸನ್ನೆ ಮಾಡಿದರು.

"ನೀವು ಹೂತಿದ್ದನ್ನ ಪಕ್ಕದ ಮನೆಯವರು ನೋಡಿದ್ರು, ಆಸ್ಪತ್ರೆಗೆ ಬಂದಾಗಲೇ ಹೇಳಿದ್ರು. ಜಗಲಿ ಯಾರಿಗೆ ಬೇಕಿತ್ತು ಅಳಿಯಂದ್ರೇ? ನಿಮ್ಮ ಬಾಯಿಂದ ಕೇಳ್ಬೇಕಿತ್ತು, ಅಷ್ಟೇ."