ಹೆಬ್ಬೆರಳ ಬೀಗ

ನಿದ್ದೆ ಹೋದ ಹೆಂಡತಿ ಯಶೋದಾಳ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತ ಹಾಲೇಶ, ಉಸಿರು ಬಿಗಿಹಿಡಿದು ಅವಳ ಕಾಲಿನ ಹೆಬ್ಬೆರಳಿಗೆ ಅವಳ ಫೋನನ್ನು ಒತ್ತಿದ. ಟಗರು ಹಾಯ್ದು ತಾನು ತಿಪ್ಪೆಗೆ ಬಿದ್ದ ವಿಡಿಯೊ ಅದರೊಳಗಿತ್ತು. ಅವಳು ಏಳುವುದರೊಳಗೆ ಅಳಿಸದಿದ್ದರೆ ಅದು ಅರಕೇರಾದ ತವರಿನ ಗ್ರೂಪಿಗೆ ಹೋಗುವುದು ಖಂಡಿತ.

ರೊಟ್ಟಿ ಬಡಿದು ಬಡಿದು ಅವಳ ಕೈಬೆರಳ ಗೆರೆಗಳೇ ಸವೆದು, ಫೋನು ಅವನ್ನು ಗುರುತಿಸುತ್ತಿರಲಿಲ್ಲ. “ಫೇಸ್ ಲಾಕ್ ಸಲೀಸ ಅದರೀ ಅಕ್ಕಾ, ಆದ್ರ ನಿಮ್ಮ ತಂಗಿ ಮುಖಕ್ಕೂ ತೆರೀತದ. ಬೆರಳಿಂದ ಪಕ್ಕಾ,” ಎಂದಿದ್ದ ದೇವದುರ್ಗದ ಮೊಬೈಲ್ ಅಂಗಡಿಯ ಸಮೀಉಲ್ಲಾ, ಕಡೆಗೆ ಕಾಲ್ಬೆರಳನ್ನೇ ಬೀಗಕ್ಕೆ ಹೊಂದಿಸಿಕೊಟ್ಟಿದ್ದ.

ಫೋನು ತೆರೆಯಲಿಲ್ಲ. ಹೆಬ್ಬೆರಳಿಗೆ ಮೆತ್ತಿದ್ದ ಧೂಳನ್ನು ಹಾಲೇಶ ಟವೆಲಿನಿಂದ ಮೆಲ್ಲಗೆ ಒರೆಸುತ್ತಿದ್ದಾಗ, ಅವ್ವ ಜಂಬಮ್ಮ ಬಾಗಿಲಲ್ಲಿ ಬಂದು ನಿಂತಳು.

“ಏನ್ ಮಾಡೀದಿ ಅಂತ ನಾ ಕೇಳಂಗಿಲ್ಲಪಾ,” ಎಂದಳು. “ಒಂದ ಕಾಲ ಹಿಡದ್ರ ಸಾಲಂಗಿಲ್ಲ, ಎರಡೂ ಹಿಡಿ.”