ಶನಿವಾರದ ಪ್ರವಾಸಿ

ಆ ಹೆಂಗಸು ಮತ್ತೆ ಬಂದಿದ್ದಳು.

ಗಡಿಯಾರದ ಗೋಪುರದ ಕೆಳಗೆ, ಮಂಜಿನಲ್ಲಿ, ಗುಂಪಿಗೆ ಸೇರಿಯೂ ಸೇರದ ಹಾಗೆ ನಿಂತಿದ್ದಳು. ಲೊರೆಲ್ಲಾ ಗೈಡುಗಳ ಹಳದಿ ಕೊಡೆಯನ್ನು ಮೇಲೆತ್ತಿ ಎಲ್ಲರಿಗೂ ಮಾಂತೊವಾಗೆ ಸ್ವಾಗತ ಹೇಳಿದಳು. ಎಂದಿನಂತೆ ಒಬ್ಬೊಬ್ಬರ ಊರು ಕೇಳಿದಳು.

"ಟ್ರಿಯೆಸ್ತೆ," ಎಂದಳು ಆಕೆ.

ಕಳೆದ ಶನಿವಾರ ಕುನೆಯೊ ಎಂದಿದ್ದಳು. ಅದರ ಹಿಂದಿನ ಶನಿವಾರ ಪೀಸಾ. ಹೆಸರು ಮಾತ್ರ ಬದಲಾಗಿರಲಿಲ್ಲ. ಇಲೇನಿಯಾ.

ಪ್ರವಾಸದ ಕಂಪನಿಯವರು ತಿಂಗಳ ಮೊದಲಲ್ಲೇ ಹೇಳಿದ್ದರು: ಚಳಿಗಾಲಕ್ಕೆ ಇಬ್ಬರು ಗೈಡುಗಳು ಬೇಡ, ಒಬ್ಬರು ಸಾಕು. ಯಾರು ಉಳಿಯಬೇಕೆಂದು ತೀರ್ಮಾನಿಸಲು ಪ್ರವಾಸಿಯ ವೇಷದಲ್ಲಿ ಒಬ್ಬರನ್ನು ಕಳಿಸುತ್ತೇವೆ. ಯಾರನ್ನು, ಯಾವಾಗ ಎಂದು ಹೇಳಿರಲಿಲ್ಲ. ಲೊರೆಲ್ಲಾಗೆ ಈ ಕೆಲಸ ಬಿಟ್ಟರೆ ಬೇರೆ ಗತಿಯಿಲ್ಲ. ಇದು ಹೋದರೆ ಊರು ಬಿಟ್ಟು ಅಕ್ಕನ ಮನೆಯ ಸೋಫಾದ ಮೇಲೆ ಮಲಗಬೇಕು, ಭಾವನ ಗೊರಕೆ ಕೇಳುತ್ತಾ.

ಅರಮನೆಯಲ್ಲಿ ದೈತ್ಯರ ಕೋಣೆಗೆ ಕರೆದೊಯ್ದಳು. ಗೋಡೆ ಚಾವಣಿಗಳ ತುಂಬ ದೈತ್ಯರು ಕುಸಿದು ಬೀಳುತ್ತಿರುವ ಚಿತ್ರ. ಎಲ್ಲರ ಕತ್ತೂ ಮೇಲೆ. ಇಲೇನಿಯಾ ಒಬ್ಬಳೇ ಮೇಲೆ ನೋಡಲಿಲ್ಲ. ಬಾಯಿ ತೆರೆದು ನಿಂತಿದ್ದ ಜನರ ಮುಖಗಳನ್ನು ನೋಡುತ್ತಿದ್ದಳು. ಗೈಡನ್ನು ಅಳೆಯಲು ಬಂದವರು ಗೋಡೆ ನೋಡುವುದಿಲ್ಲ, ಗುಂಪನ್ನು ನೋಡುತ್ತಾರೆ. ಲೊರೆಲ್ಲಾ ದನಿ ಏರಿಸಿ ಮಾತು ಮುಂದುವರಿಸಿದಳು.

ಆಕೆ ಒಂದು ಫೋಟೊವನ್ನೂ ತೆಗೆಯಲಿಲ್ಲ. ಮಾರುಕಟ್ಟೆಯ ಕಮಾನುಗಳ ಕೆಳಗೆ, ಲೊರೆಲ್ಲಾ ಕೊಡೆ ತಿರುಗಿಸುವ ಮೊದಲೇ ಎಡಕ್ಕೆ ಹೊರಳಿದಳು. ದಾರಿಯ ನಕ್ಷೆ ಕಂಪನಿಯಿಂದ ಮೊದಲೇ ಕೈಸೇರಿರಬೇಕು.

ಲೊರೆಲ್ಲಾ ಅವಳ ಪಕ್ಕಕ್ಕೆ ಹೋದಳು. "ಚಳಿ ಆಗ್ತಿದೆಯಾ? ನನ್ನ ಕೈಗವಸು ಹಾಕ್ಕೊಳ್ಳಿ."

"ಪರವಾಗಿಲ್ಲ."

"ಹಾಕ್ಕೊಳ್ಳಿ ಅಂದ್ರೆ. ನನ್ನ ಕೈ ಯಾವಾಗಲೂ ಬೆಚ್ಚಗೇ ಇರುತ್ತೆ."

ಸುಳ್ಳು. ಬೆರಳು ಮರಗಟ್ಟಿದ್ದವು. ಇಲೇನಿಯಾ ಕೈಗವಸು ಹಾಕಿಕೊಂಡಳು. ಅವಳಿಗೆ ಮೂವತ್ತೈದು ದಾಟಿರಲಾರದು. ಮುಖದಲ್ಲಿ ಮೆಚ್ಚುಗೆಯೂ ಇಲ್ಲ, ಬೇಸರವೂ ಇಲ್ಲ. ಇಂಥ ಮುಖದವರನ್ನೇ ಹುಡುಕಿ ಕಳಿಸುತ್ತಾರೇನೋ.

ಊಟ ಒಸ್ವಾಲ್ಡೊನ ಹೋಟೆಲಿನಲ್ಲಿ. ಒಲೆಯ ಹತ್ತಿರದ ಜಾಗವನ್ನು ಲೊರೆಲ್ಲಾ ಅವಳಿಗೇ ಕಾದಿರಿಸಿದ್ದಳು. ಕುಂಬಳಕಾಯಿ ಕಡುಬನ್ನು ಅವಳ ತಟ್ಟೆಗೆ ಒಂದು ಸೌಟು ಹೆಚ್ಚೇ ಬಡಿಸಿದಳು. ಒಸ್ವಾಲ್ಡೊ ಬಂದು, ಕೇಳದೆಯೇ, ಆಕೆಯ ಮುಂದೆ ಸಣ್ಣ ಲೋಟವೊಂದನ್ನು ಇಟ್ಟು ಹೋದ. ಉಳಿದವರಿಗೆಲ್ಲ ದೊಡ್ಡ ಲೋಟ; ಆಕೆಗೆ ಬೇಕಾದದ್ದು ಅವನಿಗೆ ಮೊದಲೇ ತಿಳಿದಂತಿತ್ತು. ಆಕೆ ಯಾರೆಂದು ಅವನಿಗೂ ಗೊತ್ತಿದೆ ಹಾಗಾದರೆ.

ಅಡುಗೆಮನೆಯ ಬಾಗಿಲಲ್ಲಿ ಅವನನ್ನು ಹಿಡಿದಳು. "ಯಾರದು?"

"ನಿನ್ನ ಗಿರಾಕಿ ಕಣಮ್ಮ. ನನ್ನ ಕೇಳಿದ್ರೆ ಹೇಗೆ?"

"ನಿನಗೆ ಗೊತ್ತು ಅವಳು."

"ನನಗೆ ಗೊತ್ತಿರೋದು ಅಡುಗೆ." ಅವನು ತಟ್ಟೆಗಳನ್ನು ಎತ್ತಿಕೊಂಡ. "ಅವಳ ಜತೆ ಚೆನ್ನಾಗಿರು. ಅಷ್ಟು ಸಾಕು."

ಲೊರೆಲ್ಲಾ ಮೇಜಿಗೆ ಮರಳಿದಳು.

ತಿಳಿಸಾರಿನ ಬಟ್ಟಲುಗಳು ಬಂದವು. ಪ್ರವಾಸಿಗರು ಕಾಯುವ ಘಳಿಗೆ ಇದು. ಲೊರೆಲ್ಲಾ ಬಿಸಿ ಸಾರಿಗೆ ಕೆಂಪು ವೈನ್ ಸುರಿದು, ಬಟ್ಟಲನ್ನೇ ಎತ್ತಿ ಕುಡಿದು ತೋರಿಸಿದಳು. ನಮ್ಮ ಕಡೆ ಹೀಗೇ, ಎಂದಳು.

"ನಮ್ಮ ನೊವಾರಾದಲ್ಲಿ ಹೀಗೆ ಮಾಡಿದ್ರೆ ನಮ್ಮತ್ತೆ ನನ್ನ ಮನೆಯಿಂದ ಆಚೆ ಹಾಕ್ತಾಳೆ," ಎಂದ ಒಬ್ಬ ದಪ್ಪ ಮನುಷ್ಯ.

"ಮೊದಲೇ ಹೇಳ್ಬಾರದಿತ್ತಾ? ಮನೇಲಿ ವೈನೂ ಇತ್ತು, ಸಾರೂ ಇತ್ತು," ಎಂದಳು ಅವನ ಹೆಂಡತಿ.

ಮೇಜು ನಕ್ಕಿತು. ಇಲೇನಿಯಾಳೂ ನಕ್ಕಳು. ಮೊದಲ ಸಲ. ಆಮೇಲೆ, ಯೋಚಿಸದೆ, ಎದ್ದು ನಿಂತಳು. ಸಾರಿಗೆ ವೈನ್ ಸುರಿದುಕೊಂಡು ಒಲೆಯ ಕಡೆ ಹೋಗಿ, ಮೇಜಿಗೆ ಬೆನ್ನು ಮಾಡಿ, ನಿಂತೇ ಕುಡಿದಳು.

ಲೊರೆಲ್ಲಾಳ ಕೈ ಹಾಗೇ ನಿಂತಿತು. ಈ ಊರಿನ ಪದ್ಧತಿಯಲ್ಲಿ ಪ್ರವಾಸಿಗರಿಗೆ ತಾನು ಎಂದೂ ತೋರಿಸದ ಭಾಗ ಅದು. ಬೆನ್ನು ತಿರುಗಿಸಿ ನಿಂತು ಕುಡಿಯುವುದನ್ನು ಪುಸ್ತಕದಿಂದ ಕಲಿತವರು ಮರೆಯುತ್ತಾರೆ. ಅಜ್ಜಿಯ ಅಡುಗೆಮನೆಯಲ್ಲಿ ಕಲಿತವರಿಗೆ ಮರೆಯುವುದು ಸಾಧ್ಯವಿಲ್ಲ. ಈಕೆ ಮಾಂತೊವಾದವಳು. ಹಾಗಾದರೆ ಮೂರು ವಾರ ತಾನು ಹೇಳಿದ ಪ್ರತಿ ತಪ್ಪು ಇಸವಿಯೂ ಇವಳಿಗೆ ಗೊತ್ತಾಗಿದೆ.

ಗಟ್ಟಿ ಬಾದಾಮಿ ಕೇಕನ್ನು ಕೈಯಿಂದಲೇ ಒಡೆದು ಹಂಚಿಕೊಂಡು ಉಳಿದವರು ರೈಲಿಗೆ ಹೊರಟರು. ಇಲೇನಿಯಾ ಏಳಲಿಲ್ಲ. ಯಾವಾಗಲೂ ಅವಳೇ ಕೊನೆಯವಳು. ಲೊರೆಲ್ಲಾ ಎದುರಿನ ಕುರ್ಚಿ ಎಳೆದು ಕುಳಿತಳು.

"ನೀವು ಈ ಊರಿನವರು."

"ಹೌದು."

"ಮತ್ತೆ ಟ್ರಿಯೆಸ್ತೆ, ಕುನೆಯೊ, ಪೀಸಾ?"

"ಊರಿನವರನ್ನ ಸೇರಿಸ್ಕೊಳ್ಳಲ್ಲ ಅನ್ಕೊಂಡೆ."

"ನನಗೆ ಈ ಕೆಲಸ ಬೇಕು, ಸಿನ್ಯೋರಾ. ಇದು ಬಿಟ್ಟು ನನಗೆ ಏನೂ ಇಲ್ಲ." ಲೊರೆಲ್ಲಾ ಖಾಲಿ ಬಟ್ಟಲೊಂದನ್ನು ಪಕ್ಕಕ್ಕೆ ಸರಿಸಿದಳು. "ನಿಮಗೆ ಒಳ್ಳೇ ಜಾಗ ಕೊಟ್ಟೆ, ಬೇರೆಯವರಿಗಿಂತ ಹೆಚ್ಚು ಬಡಿಸಿದೆ. ಯಾಕೆ ಅಂತ ನಿಮಗೂ ಗೊತ್ತು."

"ಯಾಕೆ ಅಂತ ಕೇಳೋಕೆ ಹೆದರಿಕೆ ಆಗ್ತಿತ್ತು," ಎಂದಳು ಇಲೇನಿಯಾ. "ಕೇಳಿದ್ರೆ ನಿಲ್ಲಿಸಿಬಿಡ್ತೀರೇನೋ ಅಂತ."

"ನಿಜ ಹೇಳಿಬಿಡಿ. ನಿಮ್ಮನ್ನ ಕಳಿಸಿದ್ದು ಯಾರು?"

ಇಲೇನಿಯಾ ಮೇಜಿನ ಮೇಲೆ ಚೆಲ್ಲಿದ್ದ ಕೇಕಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದಳು.

"ಒಸ್ವಾಲ್ಡೊ."

ಲೊರೆಲ್ಲಾ ತಿರುಗಿದಳು. ಆತ ಅತ್ತ ಮುಖ ಮಾಡಿ, ಒಣಗಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದ.

"ಟಿಕೆಟ್ ತಗೊಂಡು ಕೆಳಗೆ ಬಂದುಬಿಡು ಅಂದ," ಎಂದಳು ಇಲೇನಿಯಾ. "ನಿಮ್ಮ ಈ ಮೇಜಿಗೆ ಸರಿಯಾಗಿ ಮೇಲೆ, ಮಹಡಿಯಲ್ಲಿ, ನನ್ನ ಊಟದ ಮೇಜು ಇದೆ. ನನ್ನ ಗಂಡ ಪಾವ್ಲೊ ತೀರ್ಕೊಂಡ ಮೇಲೆ, ಶನಿವಾರ ನೀವೆಲ್ಲ ನಗೋದು ಕೇಳಿಸಿದಾಗ ಮಾತ್ರ ನಾನು ಊಟ ಮಾಡ್ತಿದ್ದೆ."