ಇನ್ನು ಹತ್ತು

ಹದಿನೆಂಟನೆಯ ಸಲ ಪ್ರಣಮ್ಯಾಳ ಸೈಕಲ್ಲು ಮದ್ರಾಸಿನ ಟಿ. ನಗರದ ಮೇಲ್ಸೇತುವೆ ಏರತೊಡಗಿದಾಗ, ಕೆಳಗೆ ನಿಂತಿದ್ದ ಕೃಷ್ಣರಾಜನಿಗೆ ಇವಳು ಮುಗಿಸಿಯೇಬಿಡುತ್ತಾಳೇನೋ ಎಂದು ಮೊದಲ ಬಾರಿ ದಿಗಿಲಾಯಿತು. ಬೆಳಿಗ್ಗೆ ಐದಕ್ಕೆ ಶುರುವಾದದ್ದು. ಏಳೆಂಟು ಸುತ್ತಿಗೆ ಮಗಳು ಸುಸ್ತಾಗುತ್ತಾಳೆ, ಮನೆಗೆ ಹೋಗಿ ಇನ್ನೊಂದು ನಿದ್ದೆ ತೆಗೆಯಬಹುದು ಎಂದುಕೊಂಡೇ ಅವನು ಬಂದಿದ್ದ. ಹುಡುಗಿ ಇನ್ನೂ ಕಾಲು ಕೆಳಗಿಟ್ಟಿರಲಿಲ್ಲ.

ಷರತ್ತು ಅವನದೇ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಬೆಟ್ಟಗಳ ನಡುವೆ ಮೂರು ದಿನ ಸೈಕಲ್ ತುಳಿಯುವ ತಂಡಕ್ಕೆ ಮಗಳು ಹೆಸರು ಕೊಟ್ಟಿದ್ದಳು. ವಯಸ್ಸು ಹದಿನೇಳು, ಅಪ್ಪನ ಸಹಿ ಬೇಕು. ವೆಸ್ಟ್ ಮಾಂಬಲಂಗೆ ಬಂದು ಹೋಟೆಲು ಹಾಕುವ ಮೊದಲು ಕೃಷ್ಣರಾಜ ಆ ಬೆಟ್ಟಗಳ ಬುಡದ ಮಾಳವೆಂಬ ಊರಿನವನು. ಹುಡುಗನಾಗಿದ್ದಾಗ ಅಲ್ಲಿಯ ಘಾಟಿಗೆ ಎಷ್ಟು ಸಲ ಹೋಗಿದ್ದರೂ ಮೊದಲ ತಿರುವಿನಲ್ಲೇ ಇಳಿದು ಸೈಕಲ್ ತಳ್ಳಿದವನೇ. ತನಗೇ ಆಗದ್ದು, ಬೆಟ್ಟವೆಂದರೆ ಏನೆಂದೇ ತಿಳಿಯದ ಮದ್ರಾಸಿನ ಹುಡುಗಿಗೆ ಆದೀತೇ? ನಡುಕಾಡಿನಲ್ಲಿ ಕಾಲು ಸೋತು ಕುಳಿತರೆ ಗತಿಯೇನು? ಅದಕ್ಕೇ ಹೇಳಿದ್ದ: ಮೇಲ್ಸೇತುವೆಯನ್ನು ಮೂವತ್ತು ಸಲ ಏರಿ ಇಳಿಯಬೇಕು, ಒಮ್ಮೆಯೂ ಕಾಲು ನೆಲಕ್ಕೆ ತಾಗಬಾರದು, ಲೆಕ್ಕ ಇಡುವವನು ತಾನು. ಗಮನ ಚೆದುರಬಾರದೆಂದು ಅವಳ ಮೊಬೈಲನ್ನೂ ಇಸಿದುಕೊಂಡಿದ್ದ.

ಲೆಕ್ಕಕ್ಕೆ ಹೋಟೆಲಿನ ಕಾಫಿ ಟೋಕನ್ನುಗಳು. ಎಡ ಜೇಬಿನಲ್ಲಿ ಮೂವತ್ತು ತುಂಬಿಸಿಕೊಂಡು ಬಂದಿದ್ದ. ಮಗಳು ಸೇತುವೆಯಿಂದಿಳಿದು, ಅದರಡಿ ಸುತ್ತಿ, ತನ್ನೆದುರು ದಾಟಿದಾಗಲೆಲ್ಲ ಒಂದು ಟೋಕನ್ನು ಬಲ ಜೇಬಿಗೆ. ಇಪ್ಪತ್ತೈದು ವರ್ಷ ಪಳಗಿದ ಕೈ, ತಪ್ಪುವ ಮಾತೇ ಇರಲಿಲ್ಲ.

ಪೊಲೀಸಿನವನು ಬಾರದಿದ್ದರೆ. ಒಂದೂವರೆ ಗಂಟೆಯಿಂದ ಸೇತುವೆಯ ಬುಡದಲ್ಲಿ ನಿಂತು, ಒಂದು ಜೇಬಿನಿಂದ ಇನ್ನೊಂದಕ್ಕೆ ಏನನ್ನೋ ದಾಟಿಸುತ್ತಿರುವ ಮನುಷ್ಯನನ್ನು ಕಂಡರೆ ಯಾವ ಪೊಲೀಸಿನವನಾದರೂ ಬೈಕು ನಿಲ್ಲಿಸುತ್ತಾನೆ. ಜೇಬಿನಲ್ಲಿರುವುದನ್ನು ತೆಗೆ ಎಂದ. ಕೃಷ್ಣರಾಜ ಗಾಬರಿಯಲ್ಲಿ ಎರಡೂ ಜೇಬಿನದನ್ನು ಒಂದೇ ಬೊಗಸೆಗೆ ಸುರಿದುಕೊಂಡ. ಕಾಫಿ ಟೋಕನ್ನೆಂದು ತಿಳಿದು ಪೊಲೀಸಿನವನು ಮನಸಾರೆ ನಕ್ಕ, ಹೋಟೆಲು ಎಲ್ಲಿ, ಪೊಂಗಲ್ ಚೆನ್ನಾಗಿರುತ್ತದೆಯೇ ಎಂದೆಲ್ಲ ವಿಚಾರಿಸಿ ಹೊರಟುಹೋದ. ಅಷ್ಟರಲ್ಲಿ ಮಗಳು ಎರಡು ಸಲ ದಾಟಿದಳೋ ಮೂರು ಸಲವೋ. ಬೊಗಸೆಯಲ್ಲಿ ಮೂವತ್ತೂ ಟೋಕನ್ನುಗಳು ಒಂದೇ ಥರ ಬಿದ್ದಿದ್ದವು.

ಪ್ರಣಮ್ಯಾ ಮತ್ತೆ ಬಂದಳು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು.

“ಅಪ್ಪಾ, ಇನ್ನುಂ ಎತ್ತನೆ?”

ಅಪ್ಪ ಕನ್ನಡದಲ್ಲಿ ಹೇಳುವುದು, ಮಗಳು ತಮಿಳಿನಲ್ಲಿ ಉತ್ತರಿಸುವುದು ಆ ಮನೆಯ ರೂಢಿ. ಇನ್ನೆಷ್ಟು ಎಂದರೆ ಅವನು ಏನು ಹೇಳಬೇಕು? ಲೆಕ್ಕ ಕಲಸಿಹೋಯಿತು ಎಂದರೆ ಅವಳು ಅಲ್ಲೇ ಕಾಲಿಟ್ಟುಬಿಡುತ್ತಾಳೆ. ಮುಂದೆ ಹೋಗುತ್ತಿರಲಿ ಎನ್ನುವುದೊಂದೇ ಅವನ ತಲೆಯಲ್ಲಿತ್ತು.

“ಹತ್ತು ಮಾರಾಯ್ತಿ, ಹತ್ತು.”

ಅಯ್ಯೋ ಎಂದು ನರಳಿ ಅವಳು ಮತ್ತೆ ಏರಿದಳು. ಮುಂದಿನ ಸುತ್ತಿಗೆ ದಾಟುವಾಗ “ಒಂಬದು” ಎಂದಳು, ಇನ್ನು ಒಂಬತ್ತು. ಕೃಷ್ಣರಾಜ ಮಿಕಮಿಕ ನೋಡಿದ. ಆಮೇಲೆ ಹೊಳೆಯಿತು. ಹತ್ತಲು ಒಂದು ದಿಣ್ಣೆಯೂ ಇಲ್ಲದ ಊರಿನಲ್ಲಿ ಬೆಳೆದವಳಿಗೆ, ಅದೂ ಎಷ್ಟು ಎಂದು ಕೇಳಿದವಳಿಗೆ, ಹತ್ತು ಎಂದರೆ ಒಂಬತ್ತರ ಮುಂದಿನದು ಅಷ್ಟೇ.

ಅಲ್ಲೇ ನಿಲ್ಲಿಸಬಹುದಿತ್ತು. ನ್ಯಾಯವಾಗಿ ನಿಲ್ಲಿಸಲೇಬೇಕಿತ್ತು. ಆದರೆ ಈಗ ಅವನಿಗೇ ಹುಚ್ಚು ಹಿಡಿದಿತ್ತು. ನೋಡಿಯೇಬಿಡೋಣ ಎನಿಸಿತು. ಪಂಚೆ ಮೇಲೆ ಕಟ್ಟಿ, ಹೊಟ್ಟೆ ಕುಲುಕಿಸುತ್ತ, ಸೈಕಲ್ಲಿನ ಪಕ್ಕದಲ್ಲೇ ಓಡಿದ. ವಾಕಿಂಗಿಗೆ ಬಂದವರು ನಿಂತು ನೋಡಿದರು.

“ಹತ್ತು! ಹತ್ತು!”

“ಅಂಜುದಾನ್ ಅಪ್ಪಾ!” ಉಳಿದದ್ದು ಐದೇ ಐದು ಎಂದು ಮಗಳು ರೇಗಿದಳು.

ಕೊನೆಯ ಸುತ್ತು ಮುಗಿಸಿ ಅವಳು ಎರಡೂ ಕಾಲು ನೆಲಕ್ಕಿಟ್ಟಾಗ ಕೃಷ್ಣರಾಜ ಮೊಬೈಲು ಕೈಗೆ ಕೊಟ್ಟು, ಪೊಲೀಸಿನವನ ಕಥೆ ಹೇಳಿ ತಪ್ಪೊಪ್ಪಿಕೊಂಡ. ಸೈಕಲ್ ಸೀಟಿನಡಿ ಕಟ್ಟಿದ್ದ ಪುಟ್ಟ ಜಿಪಿಎಸ್ ಯಂತ್ರ ಪ್ರತಿ ಸುತ್ತನ್ನೂ ದಾಖಲಿಸಿ ಅದಕ್ಕೆ ಕಳಿಸುತ್ತಲೇ ಇತ್ತಂತೆ. ಅವಳು ನೋಡಿದಳು. ಮೂವತ್ತೊಂಬತ್ತು. ಇನ್ನೆಷ್ಟು ಎಂದು ಕೇಳಿದ ಹೊತ್ತಿಗೆ ಬಾಕಿ ಇದ್ದದ್ದು ಒಂದೇ ಒಂದು.

“ಪತ್ತುನ್ನು ಸೊನ್ನೀಂಗಳೇ,” ಎಂದಳು. ಹತ್ತು ಅಂತ ನೀವೇ ಹೇಳಿದಿರಲ್ಲ ಎನ್ನುವಾಗ ಅಳು ಬರುವುದರಲ್ಲಿತ್ತು.

“ನಾನು ಹೇಳಿದ್ದು ಲೆಕ್ಕ ಅಲ್ಲ ಮಗಾ. ಹತ್ಲಿಕ್ಕೆ ಹೇಳಿದ್ದು. ಮೇಲೆ ಹತ್ಲಿಕ್ಕೆ.”

ಅವಳು ಹ್ಯಾಂಡಲ್ಲಿಗೆ ತಲೆ ಆನಿಸಿ, ಬೀಳುವ ಹಾಗೆ ನಗತೊಡಗಿದಳು. ಕೃಷ್ಣರಾಜ ಜೇಬಿನಲ್ಲಿ ಮಡಚಿಟ್ಟಿದ್ದ ಅರ್ಜಿ ತೆಗೆದು ಸೈಕಲ್ ಸೀಟಿನ ಮೇಲಿಟ್ಟು ಸಹಿ ಹಾಕಿದ. ಹೆಮ್ಮೆಯ ಭರದಲ್ಲಿ ಗೀಚಿದ ಸಹಿ ಅವನದೇ ಎಂದು ಅವನೇ ಆಣೆ ಮಾಡಬೇಕಾದಂತಿತ್ತು.

ಮನೆಯ ದಾರಿ ಸೇತುವೆಯ ಮೇಲಿಂದಲೇ. ಅವನು ಬಂದದ್ದು ತರಕಾರಿ ತರುವ ಹೋಟೆಲಿನ ಹಳೆಯ ಸೈಕಲ್ಲಿನಲ್ಲಿ. ಏರು ಶುರುವಾದಲ್ಲಿ ದಿನವೂ ಮಾಡುವಂತೆ ವೇಗ ಕಡಿಮೆ ಮಾಡಿ, ಇಳಿದು ತಳ್ಳಲು ಒಂದು ಕಾಲೆತ್ತಿದ.

ಹಿಂದಿನಿಂದ ಮಗಳ ದನಿ ಬಂತು. ಕನ್ನಡದಲ್ಲಿ.

“ಹತ್ತು, ಅಪ್ಪಾ.”

ಎಷ್ಟು ಎಂದು ಅವನು ಕೇಳಲಿಲ್ಲ. ಎತ್ತಿದ ಕಾಲನ್ನು ಮತ್ತೆ ಪೆಡಲಿನ ಮೇಲಿಟ್ಟ.